ಈ ಊರಿನವರಿಗೆ ಕ್ಯಾನ್ಸರ್ ಬರುವುದೇ ಇಲ್ಲವೇ? ಲಾರಾನ್ ಸಿಂಡ್ರೋಮ್ ಬಗ್ಗೆ ನಿಜ ಎಷ್ಟು, ಸುಳ್ಳು ಎಷ್ಟು

ಮೂರೂವರೆ, ನಾಲ್ಕು ಅಡಿ ಎತ್ತರದ ಕೆಲವರು ಸಾಲಾಗಿ ನಿಂತಿರುವ ಒಂದು ಫೋಟೋ. ಅದರ ಕೆಳಗೆ ನಾಲ್ಕೈದು ಸಾಲು: ದಕ್ಷಿಣ ಅಮೆರಿಕದ ಒಂದು ಊರಿನ ಈ ಜನರಿಗೆ ಕ್ಯಾನ್ಸರ್ ಬರುವುದಿಲ್ಲ, ಸಕ್ಕರೆ ಕಾಯಿಲೆ ಬರುವುದಿಲ್ಲ, ನೂರು ವರ್ಷ ಬದುಕುತ್ತಾರೆ, ಅವರ ಊಟ ಮತ್ತು ನೀರೇ ಇದಕ್ಕೆ ಕಾರಣ, ಔಷಧ ಕಂಪನಿಗಳು ಈ ಗುಟ್ಟನ್ನು ಮುಚ್ಚಿಟ್ಟಿವೆ. ಕೊನೆಯಲ್ಲಿ ಎಲ್ಲರಿಗೂ ಕಳಿಸಿ ಎಂಬ ಮನವಿ. ಇದೇ ಧಾಟಿಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಒಮ್ಮೆಯಾದರೂ ಬಂದಿರಬಹುದು.

ಇದನ್ನು ಪೂರ್ತಿ ಸುಳ್ಳು ಎಂದು ತಳ್ಳಿಹಾಕುವಂತಿಲ್ಲ, ಪೂರ್ತಿ ನಂಬುವಂತೆಯೂ ಇಲ್ಲ. ಅಂಥ ಜನ ನಿಜವಾಗಿ ಇದ್ದಾರೆ. ಅವರಲ್ಲಿ ಕ್ಯಾನ್ಸರ್ ತೀರಾ ಅಪರೂಪ ಎಂಬುದೂ ನಿಜ. ಆದರೆ ಅದಕ್ಕೆ ಕಾರಣ ಊಟವೂ ಅಲ್ಲ, ನೀರೂ ಅಲ್ಲ. ಹುಟ್ಟಿನಿಂದಲೇ ಬರುವ ಒಂದು ಅಪರೂಪದ ಆನುವಂಶಿಕ ಕಾಯಿಲೆ ಅದಕ್ಕೆ ಕಾರಣ. ಆ ಕಾಯಿಲೆಯ ಹೆಸರು ಲಾರಾನ್ ಸಿಂಡ್ರೋಮ್. ಅದು ಒಂದು ಕಡೆ ಏನನ್ನೋ ಕೊಟ್ಟು ಇನ್ನೊಂದು ಕಡೆ ಬಹಳಷ್ಟನ್ನು ಕಿತ್ತುಕೊಳ್ಳುತ್ತದೆ.

ಒಂದೇ ನೋಟದಲ್ಲಿ

• ಸಂದೇಶ: ಇವರಿಗೆ ಕ್ಯಾನ್ಸರ್ ಬರುವುದೇ ಇಲ್ಲ.
ನಿಜ: ಬರುವುದು ಬಹಳ ಕಡಿಮೆ. ಈಕ್ವೆಡಾರ್‌ನ ಅಧ್ಯಯನದಲ್ಲೇ ಒಬ್ಬ ಮಹಿಳೆಗೆ ಕ್ಯಾನ್ಸರ್ ಬಂದಿತ್ತು.

• ಸಂದೇಶ: ಊರಿನ ಆಹಾರ, ನೀರು, ಗಾಳಿ ಕಾರಣ.
ನಿಜ: ಅದೇ ಊರಿನಲ್ಲಿ ಅದೇ ಊಟ ಮಾಡುವ ಸಂಬಂಧಿಕರಿಗೆ ಎಲ್ಲರಂತೆಯೇ ಕ್ಯಾನ್ಸರ್ ಬರುತ್ತದೆ. ಕಾರಣ ಇರುವುದು ಜೀನ್‌ನಲ್ಲಿ.

• ಸಂದೇಶ: ಇವರು ನೂರು ವರ್ಷ ಬದುಕುತ್ತಾರೆ.
ನಿಜ: ಇಲ್ಲ. ಇವರ ಆಯಸ್ಸು ಇತರರಿಗಿಂತ ಹೆಚ್ಚು ಎಂದು ಅಧ್ಯಯನದಲ್ಲಿ ಕಂಡುಬಂದಿಲ್ಲ.

• ಸಂದೇಶ: ಕುಳ್ಳಗಿದ್ದವರಿಗೆಲ್ಲ ಕ್ಯಾನ್ಸರ್ ಭಯವಿಲ್ಲ.
ನಿಜ: ಇದು ಅಪಾಯಕಾರಿ ಸುಳ್ಳು. ಎತ್ತರ ಕಡಿಮೆ ಮಾಡುವ ಬೇರೆ ಕೆಲವು ಆನುವಂಶಿಕ ಕಾಯಿಲೆಗಳಲ್ಲಿ ಕ್ಯಾನ್ಸರ್ ಅಪಾಯ ವಿಪರೀತ ಹೆಚ್ಚು.

ಇದು ಎಲ್ಲಿಯ ಕಥೆ?

ಕಥೆ ಶುರುವಾಗುವುದು ಇಸ್ರೇಲ್‌ನಲ್ಲಿ. 1958ರಲ್ಲಿ ಮಕ್ಕಳ ಹಾರ್ಮೋನ್ ತಜ್ಞ ಜ್ವಿ ಲಾರಾನ್ ಅವರ ಬಳಿಗೆ ಯೆಮೆನ್ ಮೂಲದ ಯಹೂದಿ ಕುಟುಂಬವೊಂದರ ಮೂವರು ಮಕ್ಕಳು ಬಂದರು. ಮೂವರ ಬೆಳವಣಿಗೆಯೂ ತೀರಾ ಕುಂಠಿತವಾಗಿತ್ತು. ಬೆಳವಣಿಗೆ ಹಾರ್ಮೋನ್ ಕಡಿಮೆ ಇರಬೇಕು ಎಂದು ಯಾರಾದರೂ ಊಹಿಸುತ್ತಾರೆ. ಆದರೆ ರಕ್ತದಲ್ಲಿ ಆ ಹಾರ್ಮೋನನ್ನು ಅಳೆಯುವ ವಿಧಾನ ಬಂದ ಮೇಲೆ ನೋಡಿದರೆ ಅದು ಕಡಿಮೆ ಇರಲಿಲ್ಲ, ವಿಪರೀತ ಹೆಚ್ಚಿತ್ತು. 1966ರಲ್ಲಿ ಲಾರಾನ್ ಮತ್ತು ಸಂಗಡಿಗರು ಇದನ್ನು ಹೊಸ ಕಾಯಿಲೆ ಎಂದು ಪ್ರಕಟಿಸಿದರು. ಮುಂದೆ ಅದಕ್ಕೆ ಅವರ ಹೆಸರೇ ಬಂತು.

ಕಥೆಯ ಎರಡನೇ ಭಾಗ ನಡೆಯುವುದು ದಕ್ಷಿಣ ಅಮೆರಿಕದ ಈಕ್ವೆಡಾರ್‌ನಲ್ಲಿ. ಆ ದೇಶದ ದಕ್ಷಿಣ ತುದಿಯ ಲೋಹಾ ಪ್ರಾಂತ್ಯ ಮತ್ತು ಅದರ ಪಕ್ಕದ ಎಲ್ ಓರೋ ಪ್ರಾಂತ್ಯದ ಗುಡ್ಡಗಾಡು ಊರುಗಳಲ್ಲಿ ಇಂಥ ಸುಮಾರು ನೂರು ಮಂದಿ ಇದ್ದಾರೆ. ಜಗತ್ತಿನಾದ್ಯಂತ ವೈದ್ಯರ ದಾಖಲೆಯಲ್ಲಿರುವ ಲಾರಾನ್ ರೋಗಿಗಳು ಕೆಲವೇ ನೂರು ಮಂದಿ. ಹಾಗಾಗಿ ಇದು ಬಹಳ ದೊಡ್ಡ ಗುಂಪು. ಕೀಟೋ ನಗರದ ಹಾರ್ಮೋನ್ ತಜ್ಞ ಹೈಮೆ ಗೆವಾರಾ ಅಗಿರ್ರೆ 1980ರ ದಶಕದ ಕೊನೆಯಿಂದ ಇವರ ಆರೋಗ್ಯವನ್ನು ಗಮನಿಸುತ್ತಾ ಬಂದರು. ಅವರು ಶುರು ಮಾಡಿದ್ದು ಎತ್ತರದ ಸಮಸ್ಯೆ ನೋಡಲು. ವರ್ಷಗಳು ಕಳೆದಂತೆ ಅವರ ಕಣ್ಣಿಗೆ ಬೇರೊಂದು ವಿಷಯ ಬಿತ್ತು. ಈ ಮನೆಗಳ ಎತ್ತರದ ಸದಸ್ಯರಿಗೆ ಕ್ಯಾನ್ಸರ್ ಬರುತ್ತಿತ್ತು, ಕಡಿಮೆ ಎತ್ತರದವರಿಗೆ ಬರುತ್ತಿರಲಿಲ್ಲ.

ಹಾಗಾದರೆ ನೂರು ವರ್ಷದ ಮಾತು ಎಲ್ಲಿಂದ ಬಂತು? ಇದೇ ಲೋಹಾ ಪ್ರಾಂತ್ಯದಲ್ಲಿ ವಿಲ್ಕಬಾಂಬಾ ಎಂಬ ಇನ್ನೊಂದು ಊರಿದೆ. 1970ರ ದಶಕದಲ್ಲಿ ಅದು ಶತಾಯುಷಿಗಳ ಕಣಿವೆ ಎಂದು ಜಗತ್ತಿಗೆಲ್ಲ ಪ್ರಸಿದ್ಧವಾಯಿತು. ಆಮೇಲೆ ಅಮೆರಿಕದ ಸಂಶೋಧಕರು ಚರ್ಚ್ ಮತ್ತು ಸರ್ಕಾರಿ ದಾಖಲೆಗಳನ್ನು ತೆಗೆದು ಲೆಕ್ಕ ಹಾಕಿದರು. ನೂರು ದಾಟಿದ್ದೇವೆ ಎಂದು ಹೇಳಿಕೊಂಡವರಲ್ಲಿ ಒಬ್ಬರೂ ನೂರು ಮುಟ್ಟಿರಲಿಲ್ಲ. ವಯಸ್ಸಾದಂತೆ ವಯಸ್ಸನ್ನು ಹೆಚ್ಚಿಸಿ ಹೇಳುವ ರೂಢಿ ಅಲ್ಲಿತ್ತು, ಅಷ್ಟೆ. ಎರಡೂ ಕಥೆಗಳು ಒಂದೇ ಪ್ರಾಂತ್ಯದವು. ಫಾರ್ವರ್ಡ್‌ಗಳಲ್ಲಿ ಅವೆರಡೂ ಸುಲಭವಾಗಿ ಬೆರೆತುಹೋಗುತ್ತವೆ.

ದೇಹದೊಳಗೆ ಏನಾಗುತ್ತದೆ?

ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ದೊಡ್ಡದಾದ ಪಿಟ್ಯುಟರಿ ಎಂಬ ಗ್ರಂಥಿ ಇದೆ. ಬೆಳವಣಿಗೆ ಹಾರ್ಮೋನ್ ಹುಟ್ಟುವುದು ಅಲ್ಲಿ. ಅದು ರಕ್ತದಲ್ಲಿ ಸಾಗಿ ಯಕೃತ್ತಿಗೆ, ಅಂದರೆ ಲಿವರ್‌ಗೆ ಬರುತ್ತದೆ. ಲಿವರ್‌ನ ಜೀವಕೋಶಗಳ ಮೇಲೆ ಈ ಹಾರ್ಮೋನಿಗೆಂದೇ ಇರುವ ಗ್ರಾಹಕಗಳಿವೆ. ಹಾರ್ಮೋನ್ ಬಂದು ಗ್ರಾಹಕಕ್ಕೆ ತಾಗಿದಾಗ ಲಿವರ್ ಐಜಿಎಫ್-1 ಎಂಬ ಇನ್ನೊಂದು ಹಾರ್ಮೋನನ್ನು ತಯಾರಿಸುತ್ತದೆ. ಮಕ್ಕಳ ಮೂಳೆ ಉದ್ದವಾಗುವಲ್ಲಿ, ಸ್ನಾಯು ಬೆಳೆಯುವಲ್ಲಿ ಮುಖ್ಯ ಪಾತ್ರ ಈ ಐಜಿಎಫ್-1ದು.

ಮನೆಯ ಕಾಲಿಂಗ್ ಬೆಲ್ ನೆನಪಿಸಿಕೊಳ್ಳಿ. ಹೊರಗೆ ನಿಂತವರು ಗುಂಡಿ ಒತ್ತುತ್ತಾರೆ, ಒಳಗೆ ಸದ್ದಾಗುತ್ತದೆ, ಯಾರೋ ಬಂದು ಬಾಗಿಲು ತೆಗೆಯುತ್ತಾರೆ. ಲಾರಾನ್ ಸಿಂಡ್ರೋಮ್‌ನಲ್ಲಿ ಬೆಲ್ ಕೆಟ್ಟಿದೆ. ಬೆಳವಣಿಗೆ ಹಾರ್ಮೋನ್ ಗುಂಡಿ ಒತ್ತುತ್ತಲೇ ಇರುತ್ತದೆ, ಲಿವರ್‌ಗೆ ಕೇಳಿಸುವುದಿಲ್ಲ. ಐಜಿಎಫ್-1 ತಯಾರಾಗುವುದಿಲ್ಲ. ಉತ್ತರ ಬಾರದ ಕಾರಣ ಪಿಟ್ಯುಟರಿ ಇನ್ನಷ್ಟು ಹಾರ್ಮೋನ್ ಕಳಿಸುತ್ತದೆ. ಹೀಗಾಗಿ ಇವರ ರಕ್ತದಲ್ಲಿ ಬೆಳವಣಿಗೆ ಹಾರ್ಮೋನ್ ಹೆಚ್ಚು, ಐಜಿಎಫ್-1 ಇಲ್ಲವೆನ್ನುವಷ್ಟು ಕಡಿಮೆ. ಲಾರಾನ್ ಅವರನ್ನು ಗೊಂದಲಕ್ಕೆ ಕೆಡವಿದ್ದು ಇದೇ.

ಬೆಲ್ ಕೆಟ್ಟಿದ್ದು ಏಕೆ ಎಂಬುದು ಗೊತ್ತಾಗಲು 1989ರವರೆಗೆ ಕಾಯಬೇಕಾಯಿತು. ಗ್ರಾಹಕವನ್ನು ಹೇಗೆ ತಯಾರಿಸಬೇಕು ಎಂಬ ಸೂಚನೆ 5ನೇ ಕ್ರೋಮೋಸೋಮ್‌ನ ಒಂದು ಜೀನ್‌ನಲ್ಲಿದೆ. ಆ ಜೀನ್‌ನಲ್ಲಿ ದೋಷವಿದ್ದರೆ ಗ್ರಾಹಕ ಸರಿಯಾಗಿ ರೂಪುಗೊಳ್ಳುವುದಿಲ್ಲ. ಇಂಥ ದೋಷಗಳು ಹಲವು ಬಗೆಯವು. ಈಕ್ವೆಡಾರ್‌ನ ಬಹುತೇಕ ಎಲ್ಲ ರೋಗಿಗಳಲ್ಲಿ ಒಂದೇ ಬಗೆಯ ದೋಷವಿದೆ. ಅದೇ ದೋಷ ಇಸ್ರೇಲ್‌ನಲ್ಲಿರುವ ಮೊರಾಕೊ ಮೂಲದ ಯಹೂದಿ ರೋಗಿಯಲ್ಲೂ ಸಿಕ್ಕಿತು. 1492ರಲ್ಲಿ ಸ್ಪೇನ್‌ನಿಂದ ಯಹೂದಿಗಳನ್ನು ಹೊರಹಾಕಿದಾಗ ಕೆಲವರು ಉತ್ತರ ಆಫ್ರಿಕಾಕ್ಕೆ ಹೋದರು. ಮತಾಂತರವಾದ ಕೆಲವರು ಮುಂದೆ ದಕ್ಷಿಣ ಅಮೆರಿಕದ ಕಡೆಗೆ ಬಂದರು. ಅವರ ಜೊತೆ ಈ ಜೀನ್ ದೋಷವೂ ಸಮುದ್ರ ದಾಟಿರಬೇಕು ಎಂಬುದು ವಿಜ್ಞಾನಿಗಳ ಬಲವಾದ ಊಹೆ.

ಯಾರಿಗೆ ಬರುತ್ತದೆ?

ಪ್ರತಿ ಜೀನ್‌ನ ಎರಡು ಪ್ರತಿಗಳು ನಮ್ಮಲ್ಲಿರುತ್ತವೆ, ಒಂದು ಅಪ್ಪನಿಂದ, ಒಂದು ಅಮ್ಮನಿಂದ. ಎರಡೂ ಕೆಟ್ಟಿದ್ದರೆ ಮಾತ್ರ ಲಾರಾನ್ ಸಿಂಡ್ರೋಮ್ ಬರುತ್ತದೆ. ಒಂದೇ ಪ್ರತಿ ಕೆಟ್ಟವರನ್ನು ವಾಹಕರು ಎನ್ನುತ್ತಾರೆ, ಅವರಿಗೆ ಕಾಯಿಲೆ ಇರುವುದಿಲ್ಲ. ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ 25%.

ಲೋಹಾದ ಊರುಗಳು ಬೆಟ್ಟಗಳ ನಡುವೆ ಹೊರಜಗತ್ತಿನಿಂದ ದೂರ ಉಳಿದಿದ್ದವು. ತಲೆಮಾರುಗಳ ಕಾಲ ಮದುವೆಗಳು ಅಲ್ಲಲ್ಲೇ, ಸಂಬಂಧದಲ್ಲೇ ನಡೆದವು. ಒಂದೇ ಪೂರ್ವಜರಿಂದ ಬಂದ ಕೆಟ್ಟ ಪ್ರತಿಗಳು ಮತ್ತೆ ಮತ್ತೆ ಜೋಡಿಯಾದವು. ಇದು ನಮಗೆ ಅಪರಿಚಿತ ವಿಷಯವೇನಲ್ಲ. ಸೋದರಮಾವನಿಗೆ ಅಥವಾ ಅತ್ತೆ ಮಗನಿಗೆ ಕೊಟ್ಟು ಮದುವೆ ಮಾಡುವುದು ಕರ್ನಾಟಕದಲ್ಲೂ ಇದೆ. ಹತ್ತಿರದ ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಇಂಥ ಅಪರೂಪದ ಕಾಯಿಲೆಗಳ ಸಾಧ್ಯತೆ ಹೆಚ್ಚಾಗುವುದು ಇದೇ ಲೆಕ್ಕದಿಂದ. ಭಾರತದಿಂದಲೂ ಲಾರಾನ್ ಸಿಂಡ್ರೋಮ್ ಪ್ರಕರಣಗಳು ವರದಿಯಾಗಿವೆ.

ಕ್ಯಾನ್ಸರ್ ಲೆಕ್ಕ ಏನು ಹೇಳುತ್ತದೆ?

ಗೆವಾರಾ ಅಗಿರ್ರೆ ಅವರು ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಾಲ್ಟರ್ ಲಾಂಗೊ ಜೊತೆ ಸೇರಿ 2011ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. 22 ವರ್ಷ ಗಮನಿಸಿದ 99 ಮಂದಿಯ ಮಾಹಿತಿ ಅದರಲ್ಲಿತ್ತು. ಅದಾಗಲೇ ತೀರಿಕೊಂಡಿದ್ದ ಇನ್ನೂ 53 ಮಂದಿಯ ಬಗ್ಗೆ ಮನೆಯವರಿಂದ ವಿವರ ಸಂಗ್ರಹಿಸಲಾಗಿತ್ತು. ಹೋಲಿಕೆಗೆ ತೆಗೆದುಕೊಂಡದ್ದು ಅದೇ ಊರುಗಳ, ಅದೇ ಮನೆತನಗಳ, ಆದರೆ ಈ ಕಾಯಿಲೆ ಇಲ್ಲದ ಸಂಬಂಧಿಕರನ್ನು.

ಸಂಬಂಧಿಕರಲ್ಲಿ ಕ್ಯಾನ್ಸರ್ ಬಂದವರು 17%, ಸಕ್ಕರೆ ಕಾಯಿಲೆ ಬಂದವರು 5%. ಸಂಬಂಧಿಕರ ಸಾವುಗಳಲ್ಲಿ ಸುಮಾರು 20% ಕ್ಯಾನ್ಸರ್‌ನಿಂದ ಆದದ್ದು. ಲಾರಾನ್ ಗುಂಪಿನಲ್ಲಿ ಸಕ್ಕರೆ ಕಾಯಿಲೆ ಒಬ್ಬರಿಗೂ ಇರಲಿಲ್ಲ. ಕ್ಯಾನ್ಸರ್‌ನಿಂದ ಯಾರೂ ಸತ್ತಿರಲಿಲ್ಲ. ಒಬ್ಬ ಮಹಿಳೆಗೆ ಮಾತ್ರ 2008ರಲ್ಲಿ ಅಂಡಾಶಯದ ಕ್ಯಾನ್ಸರ್ ಪತ್ತೆಯಾಗಿತ್ತು, ಚಿಕಿತ್ಸೆಯಿಂದ ಅವರು ಗುಣವಾಗಿದ್ದರು.

ಇಸ್ರೇಲ್‌ನಲ್ಲಿ ಲಾರಾನ್ ತಂಡವೂ ಬೇರೆ ಬೇರೆ ದೇಶಗಳ ವೈದ್ಯರಿಂದ ಮಾಹಿತಿ ತರಿಸಿಕೊಂಡು ಇಂಥದೇ ಲೆಕ್ಕ ಮಾಡಿತು. 2011ರಲ್ಲೇ ಪ್ರಕಟವಾದ ಅವರ ವರದಿಯಲ್ಲಿದ್ದ 230 ಲಾರಾನ್ ರೋಗಿಗಳಲ್ಲಿ ಒಬ್ಬರಿಗೂ ಕ್ಯಾನ್ಸರ್ ಇರಲಿಲ್ಲ. ಅವರ ಸಂಬಂಧಿಕರಲ್ಲಿ ಇತ್ತು. ಎರಡು ಖಂಡಗಳು, ಬೇರೆ ಬೇರೆ ಆಹಾರ, ಬೇರೆ ಹವೆ, ಆದರೂ ಉತ್ತರ ಒಂದೇ. ಊರಿನ ನೀರು ಕಾರಣವಲ್ಲ ಎನ್ನಲು ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ಇಲ್ಲೊಂದು ಎಚ್ಚರಿಕೆಯೂ ಬೇಕು. ಈ ಗುಂಪುಗಳು ಚಿಕ್ಕವು, ಅವುಗಳಲ್ಲಿ ಮಕ್ಕಳು, ಯುವಕರು ಸಾಕಷ್ಟಿದ್ದಾರೆ. ಕ್ಯಾನ್ಸರ್ ಹೆಚ್ಚಾಗಿ ವಯಸ್ಸಾದವರ ಕಾಯಿಲೆ. ನೂರು ಮನೆಯ ಊರಿನಲ್ಲಿ ಐದು ವರ್ಷ ಯಾರಿಗೂ ಹಾವು ಕಚ್ಚಲಿಲ್ಲ ಎಂದ ಮಾತ್ರಕ್ಕೆ ಆ ಊರಲ್ಲಿ ಹಾವೇ ಇಲ್ಲ ಎನ್ನಲಾಗದು. ಅಪಾಯ ಬಹಳ ಕಡಿಮೆ ಎಂದು ಹೇಳಬಹುದು. ಶೂನ್ಯ ಎಂದು ಹೇಳುವಂತಿಲ್ಲ.

ಕ್ಯಾನ್ಸರ್ ಕಡಿಮೆಯಾಗುವುದು ಹೇಗೆ?

ಐಜಿಎಫ್-1 ಮೂಳೆಗೆ ಮಾತ್ರ ಮಾತಾಡುವುದಿಲ್ಲ. ದೇಹದ ಎಲ್ಲ ಕಡೆಯ ಜೀವಕೋಶಗಳಿಗೆ ಅದು ಎರಡು ಸೂಚನೆ ಕೊಡುತ್ತದೆ: ವಿಭಜನೆಯಾಗು, ಸಾಯಬೇಡ. ಬೆಳೆಯುವ ಮಗುವಿಗೆ ಇದು ಬೇಕೇ ಬೇಕು. ಆದರೆ ಜೀವಕೋಶ ಪ್ರತಿ ಸಲ ಎರಡಾಗುವಾಗಲೂ ಡಿಎನ್ಎ ನಕಲು ಮಾಡಬೇಕು, ನಕಲಿನಲ್ಲಿ ತಪ್ಪುಗಳಾಗಬಹುದು. ಅಂಥ ತಪ್ಪುಗಳು ಒಂದರ ಮೇಲೊಂದು ಸೇರಿದಾಗ ಕ್ಯಾನ್ಸರ್ ಹುಟ್ಟುತ್ತದೆ. ಹಾಳಾದ ಜೀವಕೋಶ ತಾನಾಗಿಯೇ ಸತ್ತುಹೋಗುವ ವ್ಯವಸ್ಥೆ ದೇಹದಲ್ಲಿದೆ. ಸಾಯಬೇಡ ಎಂಬ ಸೂಚನೆ ಜೋರಾಗಿದ್ದರೆ ಹಾಳಾದದ್ದೂ ಉಳಿದುಕೊಳ್ಳುತ್ತದೆ.

ಲಾಂಗೊ ತಂಡ ಇದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿತು. ಲಾರಾನ್ ರೋಗಿಗಳ ಮತ್ತು ಸಂಬಂಧಿಕರ ರಕ್ತದಿಂದ ಸೀರಮ್ ತೆಗೆದು, ಎರಡರಲ್ಲೂ ಮನುಷ್ಯರ ಸ್ತನದ ಜೀವಕೋಶಗಳನ್ನು ಬೆಳೆಸಿದರು. ನಂತರ ಡಿಎನ್ಎಗೆ ಹಾನಿ ಮಾಡುವ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರು. ಲಾರಾನ್ ರೋಗಿಗಳ ಸೀರಮ್‌ನಲ್ಲಿದ್ದ ಜೀವಕೋಶಗಳಲ್ಲಿ ಡಿಎನ್ಎ ಕಡಿಮೆ ತುಂಡಾಗಿತ್ತು. ಹಾನಿಯಾದ ಜೀವಕೋಶಗಳು ಹೆಚ್ಚು ಪ್ರಮಾಣದಲ್ಲಿ ಸತ್ತಿದ್ದವು. ಅದೇ ಸೀರಮ್‌ಗೆ ಹೊರಗಿನಿಂದ ಐಜಿಎಫ್-1 ಸೇರಿಸಿದಾಗ ಈ ರಕ್ಷಣೆ ಹೊರಟುಹೋಯಿತು. ಅಂದರೆ ರಕ್ಷಣೆಯ ಹಿಂದೆ ಇದ್ದದ್ದು ಐಜಿಎಫ್-1ರ ಕೊರತೆಯೇ.

ಇದಕ್ಕೆ ಕನ್ನಡಿ ಹಿಡಿದಂತೆ ಇನ್ನೊಂದು ಕಾಯಿಲೆ ಇದೆ, ಅಕ್ರೊಮೆಗಲಿ. ಪಿಟ್ಯುಟರಿಯಲ್ಲಿ ಬೆಳೆದ ಗಡ್ಡೆಯಿಂದಾಗಿ ದೊಡ್ಡವರಲ್ಲಿ ಬೆಳವಣಿಗೆ ಹಾರ್ಮೋನ್ ಮತ್ತು ಐಜಿಎಫ್-1 ಎರಡೂ ವಿಪರೀತ ಹೆಚ್ಚುತ್ತವೆ. ಕೈ, ಕಾಲು, ದವಡೆ ದಪ್ಪವಾಗುತ್ತವೆ. ಇವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು. ದೊಡ್ಡ ಕರುಳಿನಲ್ಲಿ ಮುಂದೆ ಕ್ಯಾನ್ಸರ್ ಆಗಬಲ್ಲ ಸಣ್ಣ ಗಂಟುಗಳು ಹೆಚ್ಚಾಗಿ ಕಾಣುವುದರಿಂದ ವೈದ್ಯರು ಕರುಳಿನ ಪರೀಕ್ಷೆಗೆ ಹೇಳುತ್ತಾರೆ.

ಇಲಿಗಳಲ್ಲೂ ಇದೇ ಕಂಡಿದೆ. ಅಮೆರಿಕದ ಓಹಾಯೊ ವಿಶ್ವವಿದ್ಯಾಲಯದ ಜಾನ್ ಕಾಪ್‌ಚಿಕ್ ತಂಡ 1997ರಲ್ಲಿ ಇದೇ ಗ್ರಾಹಕವಿಲ್ಲದ ಇಲಿಗಳನ್ನು ರೂಪಿಸಿತು. ಅವು ಗಾತ್ರದಲ್ಲಿ ಚಿಕ್ಕವು, ಕ್ಯಾನ್ಸರ್ ಕಡಿಮೆ. ಪ್ರಯೋಗಾಲಯದ ಇಲಿಗಳು ಸಾಮಾನ್ಯವಾಗಿ ಎರಡು, ಎರಡೂವರೆ ವರ್ಷ ಬದುಕುತ್ತವೆ. ಈ ಬಗೆಯ ಒಂದು ಇಲಿ ಐದು ವರ್ಷಕ್ಕೆ ಕೆಲವೇ ದಿನ ಬಾಕಿ ಇರುವವರೆಗೆ ಬದುಕಿತು. ಆದರೆ ಇಲಿಗೆ ಬೋನಿನಲ್ಲಿ ಊಟ ಸಿಗುತ್ತದೆ, ಅಪಘಾತವಿಲ್ಲ, ಬಡತನವಿಲ್ಲ. ಮನುಷ್ಯರ ಬದುಕು ಹಾಗಿಲ್ಲ.

ಈ ರಕ್ಷಣೆಗೆ ಅವರು ಕೊಡುವ ಬೆಲೆ

ಫಾರ್ವರ್ಡ್‌ಗಳಲ್ಲಿ ಬಾರದ ಭಾಗ ಇದು. ಲಾರಾನ್ ಸಿಂಡ್ರೋಮ್ ಇರುವ ಮಗುವಿಗೆ ಮೊದಲ ವರ್ಷಗಳಲ್ಲಿ ರಕ್ತದ ಸಕ್ಕರೆ ಪದೇ ಪದೇ ಕುಸಿಯುತ್ತದೆ, ಅದು ಫಿಟ್ಸ್‌ಗೂ ಕಾರಣವಾಗಬಹುದು. ಹಲ್ಲು ತಡವಾಗಿ ಬರುತ್ತದೆ, ನಡಿಗೆ ತಡವಾಗುತ್ತದೆ. ಹಣೆ ಮುಂದಕ್ಕೆ ಬಂದಿರುತ್ತದೆ, ಧ್ವನಿ ದೊಡ್ಡವರಾದ ಮೇಲೂ ಕೀರಲು. ಸ್ನಾಯು ಕಡಿಮೆ, ಬೊಜ್ಜು ಹೆಚ್ಚು. ಚಿಕ್ಕ ಮಕ್ಕಳಾಗಿದ್ದಾಗಲೇ ತೀರಿಕೊಳ್ಳುವವರ ಪ್ರಮಾಣ ಈ ಮನೆಗಳಲ್ಲಿ ಹೆಚ್ಚಿತ್ತು.

ಕ್ಯಾನ್ಸರ್ ತಪ್ಪಿದರೂ ಆಯಸ್ಸು ಹೆಚ್ಚಲಿಲ್ಲ ಏಕೆ ಎಂಬುದಕ್ಕೆ ಉತ್ತರವೂ 2011ರ ಅಧ್ಯಯನದಲ್ಲೇ ಇದೆ. ಇವರಲ್ಲಿ ಅಪಘಾತ, ಕುಡಿತಕ್ಕೆ ಸಂಬಂಧಿಸಿದ ಕಾರಣಗಳು, ಫಿಟ್ಸ್ ಇವುಗಳಿಂದ ಸತ್ತವರ ಪ್ರಮಾಣ ಸಂಬಂಧಿಕರಿಗಿಂತ ಬಹಳ ಹೆಚ್ಚಿತ್ತು. ಬಸ್ಸಿನ ಮೆಟ್ಟಿಲು, ಅಂಗಡಿಯ ಕಟ್ಟೆ, ಶಾಲೆಯ ಬೆಂಚು ಎಲ್ಲವೂ ಎತ್ತರದವರಿಗಾಗಿ ಮಾಡಿದ ಲೋಕದಲ್ಲಿ, ಬೀದಿಯಲ್ಲಿ ಅಣಕದ ಮಾತು ಕೇಳುತ್ತಾ ನಾಲ್ಕಡಿ ಎತ್ತರದಲ್ಲಿ ಬದುಕುವುದು ಸುಲಭವಲ್ಲ. ಆ ಫೋಟೋದಲ್ಲಿರುವವರನ್ನು ಅದೃಷ್ಟವಂತರು ಎಂದು ಕರೆಯುವ ಮುನ್ನ ಇದನ್ನೂ ನೆನೆಯಬೇಕು.

ಸಕ್ಕರೆ ಕಾಯಿಲೆಯ ವಿಷಯದಲ್ಲೂ ಚಿತ್ರ ಎಲ್ಲೆಡೆ ಒಂದೇ ಅಲ್ಲ. ಈಕ್ವೆಡಾರ್‌ನವರಲ್ಲಿ ಬೊಜ್ಜಿದ್ದರೂ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ಇಸ್ರೇಲ್‌ನ ರೋಗಿಗಳಲ್ಲಿ ವಯಸ್ಸಾದಂತೆ ಕೆಲವರಿಗೆ ಸಕ್ಕರೆ ಕಾಯಿಲೆ, ಕೊಬ್ಬಿದ ಲಿವರ್ ಕಾಣಿಸಿಕೊಂಡಿವೆ.

ಮಕ್ಕಳಿಗೆ ಚಿಕಿತ್ಸೆ ಇದೆಯೇ? ಇದೆ. ಗ್ರಾಹಕವೇ ಕೆಟ್ಟಿರುವುದರಿಂದ ಬೆಳವಣಿಗೆ ಹಾರ್ಮೋನಿನ ಇಂಜೆಕ್ಷನ್ ಇವರಿಗೆ ಉಪಯೋಗವಿಲ್ಲ. ಐಜಿಎಫ್-1 ಅನ್ನೇ ನೇರವಾಗಿ ಇಂಜೆಕ್ಷನ್ ಮೂಲಕ ಕೊಡಬೇಕು. ಮೆಕಾಸರ್ಮಿನ್ ಎಂಬ ಈ ಔಷಧಕ್ಕೆ ಅಮೆರಿಕದಲ್ಲಿ 2005ರಲ್ಲಿ ಒಪ್ಪಿಗೆ ಸಿಕ್ಕಿತು. ಮೂಳೆಗಳ ಬೆಳವಣಿಗೆ ನಿಲ್ಲುವ ಮೊದಲೇ ಶುರು ಮಾಡಬೇಕು, ದಿನಕ್ಕೆ ಎರಡು ಸಲ ಊಟದ ಹೊತ್ತಿಗೆ ಚುಚ್ಚಿಕೊಳ್ಳಬೇಕು. ಔಷಧ ಬಹಳ ದುಬಾರಿ. ಕ್ಯಾನ್ಸರ್ ಇರುವ ಅಥವಾ ಅದರ ಅನುಮಾನವಿರುವ ಮಗುವಿಗೆ ಇದನ್ನು ಕೊಡುವಂತಿಲ್ಲ. ಎತ್ತರ ಕೊಡುವ ಸೂಚನೆಯೇ ಗಡ್ಡೆಗೂ ಬಲ ಕೊಡಬಹುದು ಎಂಬ ಎಚ್ಚರಿಕೆ ಅದರ ಹಿಂದಿದೆ.

ಹಾಗಾದರೆ ನಾವೂ ಐಜಿಎಫ್-1 ಕಡಿಮೆ ಮಾಡಿಕೊಳ್ಳಬಹುದಲ್ಲವೇ?

ಇಂಥ ಸುದ್ದಿಯ ಹಿಂದೆಯೇ ಬರುವ ಸಲಹೆಗಳು ಇವು: ಹಾಲು ಬಿಡಿ, ವಾರಗಟ್ಟಲೆ ಉಪವಾಸ ಮಾಡಿ, ಈ ಪುಡಿ ಕುಡಿಯಿರಿ. ಹೆಚ್ಚು ಹಾಲು, ಹೆಚ್ಚು ಪ್ರೋಟೀನ್ ತಿನ್ನುವವರಲ್ಲಿ ಐಜಿಎಫ್-1 ಸ್ವಲ್ಪ ಹೆಚ್ಚಿರುತ್ತದೆ ಎಂಬುದು ನಿಜ. ಆದರೆ ಆ ಸ್ವಲ್ಪಕ್ಕೂ, ಹುಟ್ಟಿನಿಂದಲೇ ಐಜಿಎಫ್-1 ಬಹುತೇಕ ಇಲ್ಲದೆ ಬೆಳೆದ ದೇಹಕ್ಕೂ ಅಜಗಜಾಂತರ. ಊಟ ಬದಲಿಸಿ ಲಾರಾನ್ ದೇಹವನ್ನು ಪಡೆಯಲಾಗದು. ಪಡೆದರೂ ಒಳ್ಳೆಯದೆಂದು ಹೇಳಲಾಗದು, ಏಕೆಂದರೆ ಸಾಮಾನ್ಯ ಜನರಲ್ಲಿ ಐಜಿಎಫ್-1 ತೀರಾ ಹೆಚ್ಚಿರುವವರಲ್ಲಿ ಮಾತ್ರವಲ್ಲ, ತೀರಾ ಕಡಿಮೆ ಇರುವವರಲ್ಲೂ ಸಾವಿನ ಪ್ರಮಾಣ ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. ಮೂಳೆ, ಸ್ನಾಯು, ಹೃದಯ ಎಲ್ಲಕ್ಕೂ ಅದು ಬೇಕು.

ಔಷಧ ಕಂಪನಿಗಳು ಗುಟ್ಟು ಮುಚ್ಚಿಟ್ಟಿವೆ ಎಂಬ ಮಾತಿಗೂ ಇಲ್ಲಿ ಉತ್ತರವಿದೆ. ಅಧ್ಯಯನ ಬಹಿರಂಗವಾಗಿ ಪ್ರಕಟವಾಗಿದೆ. ಅಷ್ಟೇ ಅಲ್ಲ, ಐಜಿಎಫ್-1ರ ಸೂಚನೆ ತಡೆಯುವ ಕ್ಯಾನ್ಸರ್ ಔಷಧಗಳಿಗೆ ಕಂಪನಿಗಳು ಅಪಾರ ಹಣ ಸುರಿದವು. ಅವುಗಳಲ್ಲಿ ಫಿಜಿಟುಮುಮ್ಯಾಬ್ ಎಂಬುದನ್ನು ಶ್ವಾಸಕೋಶದ ಕ್ಯಾನ್ಸರ್ ರೋಗಿಗಳ ಮೇಲೆ ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿದರು. ಲಾಭ ಕಾಣದೆ, ಅಡ್ಡಪರಿಣಾಮ ಹೆಚ್ಚಾಗಿ ಪ್ರಯೋಗ ನಿಲ್ಲಿಸಬೇಕಾಯಿತು. ಇದೇ ಬಗೆಯ ಇನ್ನೊಂದು ಔಷಧ ಟೆಪ್ರೊಟುಮುಮ್ಯಾಬ್ ಕ್ಯಾನ್ಸರ್‌ಗೆ ಕೈಕೊಟ್ಟಿತು. ಅದು 2020ರಲ್ಲಿ ಥೈರಾಯ್ಡ್ ಸಂಬಂಧಿ ಕಣ್ಣಿನ ಕಾಯಿಲೆಗೆ ಒಪ್ಪಿಗೆ ಪಡೆಯಿತು. ಹುಟ್ಟಿನಿಂದ ಸೂಚನೆ ಇಲ್ಲದಿರುವುದೇ ಬೇರೆ, ಬೇರು ಬಿಟ್ಟ ಕ್ಯಾನ್ಸರ್‌ಗೆ ಆಮೇಲೆ ಸೂಚನೆ ನಿಲ್ಲಿಸುವುದೇ ಬೇರೆ. ಗಡ್ಡೆ ಅಷ್ಟರಲ್ಲಿ ಬೇರೆ ದಾರಿ ಹುಡುಕಿಕೊಂಡಿರುತ್ತದೆ.

ಕುಳ್ಳಗಿದ್ದರೆ ಕ್ಯಾನ್ಸರ್ ಬರುವುದಿಲ್ಲವೇ?

ಈ ಲೇಖನದಲ್ಲಿ ಒಂದೇ ಭಾಗವನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಡಿ. ಆನುವಂಶಿಕ ಕಾಯಿಲೆಗಳಲ್ಲಿ ಲಾರಾನ್ ಸಿಂಡ್ರೋಮ್ ಒಂದು ಅಪವಾದ. ಕ್ಯಾನ್ಸರ್ ಜೊತೆ ನಂಟಿರುವ ಹೆಚ್ಚಿನ ಆನುವಂಶಿಕ ಕಾಯಿಲೆಗಳು ಅಪಾಯವನ್ನು ಏರಿಸುತ್ತವೆ.

ಫ್ಯಾಂಕೋನಿ ಅನೀಮಿಯಾ ಮತ್ತು ಬ್ಲೂಮ್ ಸಿಂಡ್ರೋಮ್ ಇರುವ ಮಕ್ಕಳೂ ಕುಳ್ಳಗಿರುತ್ತಾರೆ. ಆದರೆ ಅವರಲ್ಲಿ ಕೆಟ್ಟಿರುವುದು ಡಿಎನ್ಎ ರಿಪೇರಿ ಮಾಡುವ ವ್ಯವಸ್ಥೆ. ಹಾಗಾಗಿ ರಕ್ತದ ಕ್ಯಾನ್ಸರ್ ಸೇರಿದಂತೆ ಹಲವು ಕ್ಯಾನ್ಸರ್‌ಗಳು ಚಿಕ್ಕ ವಯಸ್ಸಿನಲ್ಲೇ ಬರುವ ಅಪಾಯ ಬಹಳ ಹೆಚ್ಚು. ಇಂಥ ಮಗುವಿನ ತಂದೆ ತಾಯಿ ಫಾರ್ವರ್ಡ್ ನಂಬಿ ತಪಾಸಣೆ ಬಿಟ್ಟರೆ ಏನಾಗಬಹುದು, ಯೋಚಿಸಿ. ಎತ್ತರದ ಮೇಲೆ ಪರಿಣಾಮ ಬೀರದ ಇತರ ಕಾಯಿಲೆಗಳೂ ಇವೆ. ಕ್ಸಿರೋಡರ್ಮಾ ಪಿಗ್ಮೆಂಟೋಸಮ್ ಇರುವವರಿಗೆ ಬಿಸಿಲಿನಿಂದಲೇ ಚರ್ಮದ ಕ್ಯಾನ್ಸರ್ ಬರುತ್ತದೆ. ಲಿ-ಫ್ರಾಮೆನಿ ಸಿಂಡ್ರೋಮ್ ಇರುವ ಮನೆಗಳಲ್ಲಿ ಹಲವು ಬಗೆಯ ಕ್ಯಾನ್ಸರ್ ಯೌವನದಲ್ಲೇ ಕಾಣಿಸುತ್ತದೆ. ಲಿಂಚ್ ಸಿಂಡ್ರೋಮ್‌ನಲ್ಲಿ ದೊಡ್ಡ ಕರುಳು ಮತ್ತು ಗರ್ಭಕೋಶದ ಕ್ಯಾನ್ಸರ್ ಹೆಚ್ಚು.

ಆರೋಗ್ಯವಂತರಲ್ಲಿ ಎತ್ತರಕ್ಕೂ ಕ್ಯಾನ್ಸರ್‌ಗೂ ಸಣ್ಣ ನಂಟಿದೆ. ಬ್ರಿಟನ್‌ನಲ್ಲಿ 10 ಲಕ್ಷಕ್ಕೂ ಹೆಚ್ಚು ಮಹಿಳೆಯರ ಮಾಹಿತಿಯಿಂದ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎತ್ತರ 10 ಸೆಂಟಿಮೀಟರ್ ಹೆಚ್ಚಾದಂತೆ ಅಪಾಯ ಸುಮಾರು 16% ಏರುವುದು ಕಂಡಿತು. ಆದರೆ ಬೀಡಿ, ಸಿಗರೇಟು, ಗುಟ್ಕಾ ತರುವ ಅಪಾಯದ ಮುಂದೆ ಇದು ಏನೇನೂ ಅಲ್ಲ. ಐದಡಿ ಎತ್ತರದವರು ತಂಬಾಕು ಜಗಿದರೂ ಬಾಯಿ ಕ್ಯಾನ್ಸರ್ ಬಂದೇ ಬರಬಹುದು.

ಕೇಳಬಹುದಾದ ಪ್ರಶ್ನೆಗಳು

ನನ್ನ ಮಗು ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಲಾರಾನ್ ಇರಬಹುದೇ?
ಸಾಧ್ಯತೆ ತೀರಾ ಕಡಿಮೆ. ಮನೆತನದ ಎತ್ತರ, ತಡವಾಗಿ ಬರುವ ಬೆಳವಣಿಗೆ, ಪೌಷ್ಟಿಕತೆಯ ಕೊರತೆ, ಥೈರಾಯ್ಡ್ ತೊಂದರೆ, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ, ಬೆಳವಣಿಗೆ ಹಾರ್ಮೋನ್ ಕೊರತೆ ಇವೇ ಹೆಚ್ಚು ಕಾಣುವ ಕಾರಣಗಳು. ಹಲವಕ್ಕೆ ಚಿಕಿತ್ಸೆ ಇದೆ, ಆದರೆ ಕಾಲ ಮೀರುವ ಮುನ್ನ ಆಗಬೇಕು. ಮಕ್ಕಳ ವೈದ್ಯರಿಗೆ ತೋರಿಸಿ.

ಬೆಳವಣಿಗೆ ಹಾರ್ಮೋನ್ ಇಂಜೆಕ್ಷನ್ ಕೊಡಿಸಿದರೆ ಮಗುವಿಗೆ ಕ್ಯಾನ್ಸರ್ ಬರುತ್ತದೆಯೇ?
ಹಾರ್ಮೋನ್ ಕೊರತೆ ಇರುವ, ಬೇರೆ ಅಪಾಯವಿಲ್ಲದ ಮಕ್ಕಳನ್ನು ದೀರ್ಘಕಾಲ ಗಮನಿಸಿದ ಅಧ್ಯಯನಗಳಲ್ಲಿ ಒಟ್ಟಾರೆ ಕ್ಯಾನ್ಸರ್ ಹೆಚ್ಚಿದ್ದು ಕಂಡಿಲ್ಲ. ಮೊದಲೇ ಕ್ಯಾನ್ಸರ್ ಬಂದಿದ್ದ ಅಥವಾ ಕ್ಯಾನ್ಸರ್ ಅಪಾಯದ ಆನುವಂಶಿಕ ಕಾಯಿಲೆ ಇರುವ ಮಕ್ಕಳ ವಿಷಯದಲ್ಲಿ ವೈದ್ಯರು ಎಚ್ಚರಿಕೆಯಿಂದ ನಿರ್ಧರಿಸುತ್ತಾರೆ. ಜಿಮ್‌ನಲ್ಲಿ ಮೈ ಬೆಳೆಸಲೆಂದು ವೈದ್ಯರ ಸಲಹೆಯಿಲ್ಲದೆ ಚುಚ್ಚಿಕೊಳ್ಳುವುದು ಬೇರೆ ಮಾತು, ಅದು ಅಪಾಯ.

ನಮ್ಮ ಮನೆಯಲ್ಲಿ ಹಲವರಿಗೆ ಕ್ಯಾನ್ಸರ್ ಬಂದಿದೆ. ಏನು ಮಾಡಬೇಕು?
ಯಾರಿಗೆ, ಯಾವ ಅಂಗದ ಕ್ಯಾನ್ಸರ್, ಯಾವ ವಯಸ್ಸಿನಲ್ಲಿ ಬಂತು ಎಂದು ಬರೆದುಕೊಂಡು ವೈದ್ಯರ ಬಳಿ ಹೋಗಿ. ಹತ್ತಿರದ ಸಂಬಂಧಿಕರಲ್ಲಿ ಒಂದೇ ಬಗೆಯದು ಇಬ್ಬರು ಮೂವರಿಗೆ ಬಂದಿದ್ದರೆ, ಅಥವಾ 50 ವರ್ಷಕ್ಕೂ ಮೊದಲೇ ಬಂದಿದ್ದರೆ ಆನುವಂಶಿಕ ಸಲಹೆ ಪಡೆಯುವುದು ಒಳ್ಳೆಯದು. ಹತ್ತಿರದ ಸಂಬಂಧದಲ್ಲಿ ಮದುವೆಯಾಗಿ, ಮನೆಯಲ್ಲಿ ಅಪರೂಪದ ಕಾಯಿಲೆ ಕಂಡಿದ್ದರೂ ಹಾಗೆಯೇ.

ಸಾಮಾನ್ಯ ಜನ ಅಪಾಯ ಕಡಿಮೆ ಮಾಡಿಕೊಳ್ಳುವುದು ಹೇಗೆ?
ತಂಬಾಕು ಯಾವ ರೂಪದಲ್ಲೂ ಬೇಡ, ಅಡಿಕೆಯೂ ಬೇಡ. ಕುಡಿತ ಬಿಡಿ. ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ, ಮಕ್ಕಳಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ. 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೋಶದ ಕೊರಳಿನ ಕ್ಯಾನ್ಸರ್ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ.

ಫಾರ್ವರ್ಡ್ ಮಾಡುವ ಮುನ್ನ

ಗ್ರೂಪಿನಲ್ಲಿ ಸಂದೇಶ ಓದುವವರಲ್ಲಿ ಯಾರೋ ಒಬ್ಬರಿಗೆ ಈಗಷ್ಟೇ ಕ್ಯಾನ್ಸರ್ ಎಂದು ಗೊತ್ತಾಗಿರಬಹುದು. ಊಟ ಬದಲಿಸಿದರೆ ಸಾಕು ಎಂಬ ಮಾತು ಅವರ ಚಿಕಿತ್ಸೆಯನ್ನು ಎರಡು ತಿಂಗಳು ಮುಂದೂಡಿಸಬಹುದು. ಕೆಲವು ಕ್ಯಾನ್ಸರ್‌ಗಳಲ್ಲಿ ಗುಣವಾಗುವ ಹಂತ ಮತ್ತು ಕೈಮೀರಿದ ಹಂತದ ನಡುವೆ ಇರುವ ಅಂತರವೇ ಅಷ್ಟು. ಈಕ್ವೆಡಾರ್‌ನ ಆ ಒಬ್ಬ ಮಹಿಳೆಯನ್ನು ನೆನಪಿಡಿ. ಲಾರಾನ್ ಸಿಂಡ್ರೋಮ್ ಇದ್ದರೂ ಅವರಿಗೆ ಕ್ಯಾನ್ಸರ್ ಬಂತು. ಅವರನ್ನು ಉಳಿಸಿದ್ದು ಊರಿನ ನೀರಲ್ಲ, ಸರಿಯಾದ ಹೊತ್ತಿನಲ್ಲಿ ಸಿಕ್ಕ ಚಿಕಿತ್ಸೆ.

ಆ ಫೋಟೋ ಮತ್ತೆ ನಿಮ್ಮ ಮೊಬೈಲಿಗೆ ಬಂದರೆ ಅದರ ಕೆಳಗೆ ಇಷ್ಟು ಬರೆಯಿರಿ: ಇವರಲ್ಲಿ ಕ್ಯಾನ್ಸರ್ ಕಡಿಮೆ ಎಂಬುದು ನಿಜ, ಕಾರಣ ಒಂದು ಅಪರೂಪದ ಜೀನ್ ದೋಷ, ಅದನ್ನು ಊಟದಿಂದ ಪಡೆಯಲಾಗದು, ಯಾರೂ ಚಿಕಿತ್ಸೆ ನಿಲ್ಲಿಸಬೇಡಿ.